ಎರಡು ಮಳೆಗಾಲ ಕಂಡ ಗೇಟು: ಒಂದು ಪೌಡರ್ ಕೋಟಿಂಗ್ ಕೆಲಸದ ವಿಮರ್ಶೆ

ಕೊಡಗಿನ ನಾಪೋಕ್ಲು ಸಮೀಪದ ನಮ್ಮ ತೋಟದ ಮನೆಯ ಗೇಟಿಗೆ ಪ್ರತಿ ಬೇಸಿಗೆಯಲ್ಲೂ ರೆಡ್ ಆಕ್ಸೈಡ್ ಹಚ್ಚಿ, ಅದರ ಮೇಲೆ ಇನಾಮಲ್ ಬಳಿದರೂ, ಕಕ್ಕಡದ (ಕೊಡಗಿನ ಆಟಿ ತಿಂಗಳಿನ) ಮಳೆ ಮುಗಿಯುವಷ್ಟರಲ್ಲಿ ಸರಳುಗಳ ಬುಡದಲ್ಲಿ ತುಕ್ಕು ಕಾಣಿಸಿಕೊಳ್ಳುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕಬ್ಬಿಣ ಸರಿಯಾಗಿ ಒಣಗುವುದೇ ಇಲ್ಲ. ಆದ್ದರಿಂದ ಗೇಟಿನ ಎರಡು ಬಾಗಿಲುಗಳಿಗೂ ಜಗಲಿಯ ಕಂಬಿಗಳಿಗೂ ಕುಶಾಲನಗರದ ಕಡೆಯ ಒಂದು ಕಾರ್ಯಾಗಾರದಲ್ಲಿ ಪೌಡರ್ ಕೋಟಿಂಗ್, ಅಂದರೆ ಬಣ್ಣದ ಒಣ ಪುಡಿಯನ್ನು ಸಿಂಪಡಿಸಿ ಓವನ್ನಿನಲ್ಲಿ ಕಾಯಿಸಿ ಗಟ್ಟಿಮಾಡುವ ಲೇಪ, ಮಾಡಿಸಿದೆ. ಹೊಸದರಲ್ಲಿ ಎಲ್ಲರ ಕೆಲಸವೂ ಹೊಳೆಯುತ್ತದೆಯಾದ್ದರಿಂದ ಎರಡು ಮಳೆಗಾಲ ಕಳೆಯಲೆಂದು ಕಾದು ಈಗ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಬೇರೊಂದು ಕಡೆ ಕಿಟಕಿಯ ಗ್ರಿಲ್‌ಗಳಿಗೆ ಇದೇ ಕೆಲಸ ಮಾಡಿಸಿ ನಷ್ಟ ಅನುಭವಿಸಿದ್ದೆ. ಅಲ್ಲಿ ತುಕ್ಕನ್ನು ಪೂರ್ತಿ ತೆಗೆಯದೆ ಪುಡಿ ಸಿಂಪಡಿಸಿದ್ದರಿಂದ, ಒಂದೇ ಮಳೆಗಾಲದಲ್ಲಿ ಲೇಪವು ಸಿಪ್ಪೆಯಂತೆ ಎದ್ದು ಬಂದು, ಅದರಡಿಯಲ್ಲಿ ನೀರು ನಿಂತು ಕಬ್ಬಿಣ ಇನ್ನಷ್ಟು ಕೆಟ್ಟಿತು.

ಈ ಕಾರ್ಯಾಗಾರದವರ ಹೆಚ್ಚುಗಾರಿಕೆ ಪುಡಿ ಹಾಕುವ ಮುಂಚಿನ ಕೆಲಸದಲ್ಲಿದೆ. ಅವರು ಸ್ಯಾಂಡ್ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಿಂದ ಮರಳಿನಂಥ ಕಣಗಳನ್ನು ರಭಸವಾಗಿ ಚಿಮ್ಮಿಸುವುದು) ಮಾಡಿ ಹಳೆಯ ಬಣ್ಣವನ್ನೂ ತುಕ್ಕನ್ನೂ ಬೆಸುಗೆಯ ಕಿಟ್ಟವನ್ನೂ ತೆಗೆದು, ಎಣ್ಣೆ ಜಿಡ್ಡು ತೊಳೆದು, ಲೇಪ ಚೆನ್ನಾಗಿ ಹಿಡಿಯಲೆಂದು ಫಾಸ್ಫೇಟ್ ದ್ರಾವಣದ ಉಪಚಾರ ಕೊಟ್ಟು ಒಣಗಿಸಿದರು. ಬ್ಲಾಸ್ಟಿಂಗ್ ಆದ ಬರಿಯ ಕಬ್ಬಿಣವು ನಮ್ಮ ಹವೆಯಲ್ಲಿ ಒಂದು ರಾತ್ರಿಯಲ್ಲೇ ಮತ್ತೆ ಕೆಂಪಾಗಬಲ್ಲದು ಎಂದು ಇದನ್ನೆಲ್ಲ ಅದೇ ದಿನ ಮುಗಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಆಮೇಲೆ ಸಿಂಪಡಿಸುವ ಗನ್ನಿನಿಂದ ವಿದ್ಯುದಾವೇಶ ಪಡೆದು ಹೊರಬರುವ ಪುಡಿಯು ಅರ್ಥಿಂಗ್ ಕೊಟ್ಟ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್‌ನ ಓವನ್ನಿನಲ್ಲಿ ಅದು ಕರಗಿ, ಹರಡಿ, ಗಟ್ಟಿಯಾಗುತ್ತದೆ. ಪುಡಿಗಳಲ್ಲಿ ಎಪಾಕ್ಸಿ ಎಂಬ ರಾಳದ ಪುಡಿ ಚೆನ್ನಾಗಿ ಹಿಡಿಯುತ್ತದೆ, ಆದರೆ ಬಿಸಿಲಿಗೆ ಸುಣ್ಣದಂತೆ ಪುಡಿಯೇಳುತ್ತದೆ. ಆದ್ದರಿಂದ ಅಡಿಯಲ್ಲಿ ಎಪಾಕ್ಸಿ ಪ್ರೈಮರ್, ಮೇಲೆ ಬಿಸಿಲು ತಾಳುವ ಪಾಲಿಯೆಸ್ಟರ್ ಪುಡಿ ಎಂದು ಎರಡು ಪದರ ಹಾಕಿದರು. ಒಂದು ಪದರಕ್ಕೆ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ದಪ್ಪವಿರುತ್ತದೆ. ಮೀಟರ್ ಇಟ್ಟು ಅದನ್ನು ನನ್ನೆದುರೇ ಅಳೆದು ತೋರಿಸಿದರು.

ಈಗ ಗೇಟಿನ ಚಪ್ಪಟೆ ಭಾಗಗಳೂ ಸರಳುಗಳೂ ಹೊಸದರಂತೆಯೇ ಇವೆ. ಪಾಚಿ ಹಿಡಿದ ಕಡೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕಾಗುತ್ತದೆ. ಆದರೆ ಸರಳುಗಳು ಪಟ್ಟಿಗೆ ಸೇರುವ ಒಳಮೂಲೆಗಳಲ್ಲಿ ಮೂರು ಕಡೆ ಸಣ್ಣ ತುಕ್ಕಿನ ಗೆರೆ ಬಂದಿದೆ. ಇಕ್ಕಟ್ಟಾದ ಮೂಲೆಯೊಳಕ್ಕೆ ವಿದ್ಯುತ್ ಸೆಳೆತ ಸರಿಯಾಗಿ ತಲಪದೆ ಪುಡಿ ಅಂಚಿನಲ್ಲೇ ಉಳಿಯುವುದು ಈ ವಿಧಾನದ ಸ್ವಭಾವ. ಆದರೂ ಅನುಭವವುಳ್ಳವರು ಗನ್ನಿನ ವೋಲ್ಟೇಜ್ ತಗ್ಗಿಸಿ ಆ ಜಾಗಗಳನ್ನು ಮೊದಲೇ ತುಂಬಬೇಕಿತ್ತು. ಚಿಲಕದ ಬೆಸುಗೆಯನ್ನು ಕೋಟಿಂಗ್‌ಗೆ ಮೊದಲೇ ಮುಗಿಸಿಕೊಳ್ಳಿ ಎಂದು ಅವರು ಹೇಳದಿದ್ದುದು ನನಗೆ ಬೇಸರ ತಂದಿತು. ಆಮೇಲೆ ಬೆಸೆದ ಕಡೆ ಲೇಪ ಸುಟ್ಟುಹೋಯಿತು. ಸಣ್ಣ ಜಾಗಕ್ಕೆಂದು ಇಡೀ ಬಾಗಿಲನ್ನು ಮತ್ತೆ ಓವನ್ನಿಗೆ ಒಯ್ಯುವಂತಿಲ್ಲವಾದ್ದರಿಂದ ಈಗ ಅಲ್ಲಿ ಅದೇ ಬಣ್ಣದ ಪೇಂಟ್ ತೇಪೆಯಿದೆ. ಒಂದು ವಾರವೆಂದಿದ್ದ ಕೆಲಸ ಮೂರು ವಾರ ಹಿಡಿಯಿತು.

ಈ ಕೊರತೆಗಳಿದ್ದರೂ, ಕಾಫಿ ಕೊಯ್ಲು ಮುಗಿದ ಮೇಲೆ ಕಿಟಕಿಯ ಗ್ರಿಲ್‌ಗಳನ್ನು ಇವರಿಗೇ ಕೊಡುತ್ತೇನೆ. ಒಳಮೂಲೆಗಳನ್ನು ಮೀಟರಿನಿಂದ ಅಳೆದು ತೋರಿಸಬೇಕೆಂದು ಈ ಬಾರಿ ಮುಂಚಿತವಾಗಿಯೇ ಹೇಳಿಟ್ಟಿದ್ದೇನೆ.