ವಾಲಿಬಾಲ್ ಜಂಪ್‌ಗೆ ಸ್ಟ್ರೆಂತ್ ಟ್ರೈನಿಂಗ್: ಕುವೆಂಪುನಗರದ ಈ ಜಿಮ್ ಹೆಂಗಿದೆ ಅಂತ ಪೂರ್ತಿ ಹೇಳ್ತೀನಿ

ಜಂಪ್ ಹೆಚ್ಚಿಸ್ಕೋಬೇಕು ಅಂತ ಮೈಸೂರಲ್ಲಿ ಜಿಮ್ ಹುಡುಕ್ತಿರೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ಬೆಳಗ್ಗೆ ಅಥ್ಲೀಟ್ ಬ್ಯಾಚ್‌ಗೆ ಬರೋಕಾದ್ರೆ ಕಣ್ಮುಚ್ಕೊಂಡು ಸೇರಿ, ಸಂಜೆ ಮಾತ್ರ ಟೈಮ್ ಸಿಗೋದು ಅನ್ನೋರು ಈ ರಿವ್ಯೂ ಕೊನೇವರೆಗೂ ಓದಿ ಆಮೇಲೆ ದುಡ್ಡು ಕಟ್ಟಿ. ನಮ್ದು ಮಂಡ್ಯ ಕಡೆ ಊರು, ನಾನು ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲ್ಸ ಮಾಡ್ತೀನಿ, ನನ್ನ ತಂಗಿ ಪಿಯುಸಿಗೆ ಅಂತ ಇಲ್ಲಿಗೆ ಬಂದು ಕಾಲೇಜ್ ವಾಲಿಬಾಲ್ ಟೀಮಲ್ಲಿ ಮಿಡಲ್ ಬ್ಲಾಕರ್ ಆಡ್ತಾಳೆ, ಅಂದ್ರೆ ನೆಟ್ ಮಧ್ಯದಲ್ಲಿ ಹಾರಿ ಎದುರಾಳಿ ಹೊಡೆತ ತಡೆಯೋ ಜಾಗ. ಇಬ್ರೂ ಒಟ್ಟಿಗೇ ಸೇರಿದ್ವಿ, ನಂದು ಊರ್ ಟೀಮ್ ಆಟ, ಜಾತ್ರೆ ಟೈಮಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ಅಷ್ಟೇ, ಅದಕ್ಕೆ ಇಲ್ಲಿ ಜಾಸ್ತಿ ಅವಳ ಟ್ರೈನಿಂಗ್ ಬಗ್ಗೇನೇ ಬರೀತೀನಿ.

ಮೊದಲನೇ ದಿನ ವೇಟ್ ಮುಟ್ಟೋಕೂ ಬಿಡ್ಲಿಲ್ಲ ಕಣ್ರೀ, ಬರೀ ಅಳತೆ. ಗೋಡೆ ಪಕ್ಕ ನಿಲ್ಲಿಸಿ ಕೈ ಎತ್ತಿಸಿ ಬೆರಳ ತುದಿ ಎಲ್ಲಿಗೆ ಮುಟ್ತು ಅಂತ ಗುರುತು, ಆಮೇಲೆ ಬೆರಳಿಗೆ ಸೀಮೆಸುಣ್ಣ ಹಚ್ಚಿ ಹಾರಿಸಿ ಮೇಲೆ ಇನ್ನೊಂದು ಗುರುತು, ಎರಡರ ಮಧ್ಯೆ ಎಷ್ಟಿದೆಯೋ ಅದೇ ನಮ್ಮ ಜಂಪ್. ಇದು ಹೊಸದೇನಲ್ಲ, ಡಡ್ಲಿ ಸಾರ್ಜೆಂಟ್ ಅನ್ನೋ ಅಮೆರಿಕದ ವ್ಯಾಯಾಮ ಶಿಕ್ಷಕರು 1921ರಲ್ಲೇ ಈ ಪರೀಕ್ಷೆ ಬಗ್ಗೆ ಬರೆದಿದ್ರು, ಅದಕ್ಕೇ ಇವತ್ತಿಗೂ ಸಾರ್ಜೆಂಟ್ ಜಂಪ್ ಅಂತಾನೇ ಕರೀತಾರೆ. ಇಲ್ಲಿ ಅಥ್ಲೀಟ್ ಬ್ಯಾಚ್ ನೋಡ್ಕೊಳ್ಳೋ ಕೋಚ್ ಸರ್ ಒಂದೇ ತರ ಹಾರಿಸಿ ಬಿಡಲ್ಲ, ಅದು ನಂಗೆ ತುಂಬಾ ಇಷ್ಟ ಆಯ್ತು. ಕೈ ಸೊಂಟದ ಮೇಲಿಟ್ಟು ಅರ್ಧ ಕೂತು ಅಲ್ಲೇ ಸ್ವಲ್ಪ ಹೊತ್ತು ತಡೆದು ಹಾರೋದು ಒಂದು, ನಿಂತಲ್ಲಿಂದ ಗಬಕ್ಕನೆ ಕುಗ್ಗಿ ಹಾರೋದು ಒಂದು, ಕೈ ಬೀಸಿ ಹಾರೋದು ಒಂದು, ಕೊನೆಗೆ ಸ್ಪೈಕಿಗೆ ಓಡ್ಬರೋ ತರ ಬಂದು ಹಾರೋದು. ತಡೆದು ಹಾರಿದ್ದಕ್ಕೂ ಕುಗ್ಗಿ ಹಾರಿದ್ದಕ್ಕೂ ವ್ಯತ್ಯಾಸಾನೇ ಇಲ್ಲ ಅಂದ್ರೆ ಮಾಂಸಖಂಡ, ಸ್ನಾಯುರಜ್ಜು ಎಳೆದು ಬಿಟ್ಟಾಗ ಸಿಗೋ ಆ ಚಿಮ್ಮುವಿಕೆ ನೀನು ಬಳಸ್ತಾನೇ ಇಲ್ಲ ಅಂತ ಅರ್ಥ. ತಡೆದು ಹಾರೋದೇ ಕಮ್ಮಿ ಬಂತು ಅಂದ್ರೆ ಕಾಲಲ್ಲಿ ಶಕ್ತೀನೇ ಕಮ್ಮಿ ಅಂತ. ತಂಗಿದು ಎರಡನೇ ಕೇಸು.

ಗೋಡೆ ಗುರುತಿನ ಜೊತೆ ಮೊಬೈಲಲ್ಲೂ ಅಳೀತಾರೆ, ಇದನ್ನ ನೀವು ಮನೇಲೂ ಮಾಡ್ಬೋದು. ಸ್ಲೋ ಮೋಷನ್ ಸೆಕೆಂಡಿಗೆ 240 ಫ್ರೇಮ್ ಇಟ್ಟು ಪಾದದ ಹತ್ರ ವಿಡಿಯೋ ತೆಗೀರಿ, ಕಾಲು ನೆಲ ಬಿಟ್ಟಲ್ಲಿಂದ ಮತ್ತೆ ತಾಗೋವರೆಗೆ ಎಷ್ಟು ಫ್ರೇಮ್ ಅಂತ ಎಣಿಸಿ 240ರಿಂದ ಭಾಗಿಸಿದ್ರೆ ಗಾಳೀಲಿ ಎಷ್ಟೊತ್ತು ಇದ್ರಿ ಅಂತ ಸಿಗುತ್ತೆ, ಆ ಸಮಯಾನ ಅದರಿಂದಲೇ ಗುಣಿಸಿ, 9.81ರಿಂದ ಗುಣಿಸಿ, 8ರಿಂದ ಭಾಗಿಸಿ, ಮೀಟರಲ್ಲಿ ಎತ್ತರ ಬಂತು. ಅರ್ಧ ಸೆಕೆಂಡ್ ಗಾಳೀಲಿದ್ರೆ 31 ಸೆಂಟಿಮೀಟರ್ ಹತ್ರ, 0.6 ಸೆಕೆಂಡ್ ಇದ್ರೆ 44. ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಎಷ್ಟು ಎತ್ತರ ನೋಡಿ! ಇಳೀಬೇಕಾದ್ರೆ ಮೊಣಕಾಲು ಮಡಚ್ಕೊಂಡು ಇಳಿದ್ರೆ ಮಾತ್ರ ಲೆಕ್ಕ ಸುಳ್ಳಾಗುತ್ತೆ, ಈ ಅಳತೆಗೆ ನೆಲ ತಾಗೋ ಕ್ಷಣದಲ್ಲಿ ಕಾಲು ನೆಟ್ಟಗೆ ಇರ್ಬೇಕು, ತಾಗಿದ್ಮೇಲೆ ಮಡಚಿ.

ಇನ್ನು ಟ್ರೈನಿಂಗ್. ಶುರುವಲ್ಲಿ ಬಾಕ್ಸ್ ಜಂಪ್ ಇಲ್ಲ, ಹರ್ಡಲ್ ಇಲ್ಲ, ಏನೂ ಇಲ್ಲ. ಡಂಬಲ್ ಎದೆಗೆ ಹಿಡ್ಕೊಂಡು ಸ್ಕ್ವಾಟ್, ತೊಡೆ ಹಿಂಭಾಗಕ್ಕೆ ರೊಮೇನಿಯನ್ ಡೆಡ್‌ಲಿಫ್ಟ್, ಒಂದು ಕಾಲು ಬೆಂಚ್ ಮೇಲಿಟ್ಟು ಸ್ಪ್ಲಿಟ್ ಸ್ಕ್ವಾಟ್, ಮೀನಖಂಡಕ್ಕೆ ಕಾಫ್ ರೈಸ್, ಇಷ್ಟೇ. ಇದರ ಜೊತೆಗೆ ಇಳಿಯೋದನ್ನ ಕಲಿಸ್ತಾರೆ. ಹಾರೋದಲ್ಲ, ಇಳಿಯೋದು. 30 ಸೆಂಟಿಮೀಟರ್ ಬಾಕ್ಸ್ ಮೇಲೆ ತಂಗಿ ನಿಂತ್ಕೊಂಡ್ಲು, ಸರ್ ಅವಳ ಕಡೆ ಬೆನ್ನು ಮಾಡಿ ಗೋಡೆ ನೋಡ್ಕೊಂಡು ನಿಂತ್ರು, "ಇಳಿಯವ್ವ" ಅಂದ್ರು. ದಬ್ ಅಂತ ಸದ್ದು. "ಇನ್ನೊಂದ್ಸಲ." ಮತ್ತೆ ದಬ್. "ಸೊಂಟ ಹಿಂದಕ್ಕೆ ಬಿಟ್ಟು, ಮೊಣಕಾಲು ಸ್ವಲ್ಪ ಹೊರಗಡೆಗೆ ತಳ್ಕೊಂಡು ಇಳಿ, ನಂಗೆ ನೀನು ಇಳಿದಿದ್ದೇ ಗೊತ್ತಾಗ್ಬಾರ್ದು ಕಣವ್ವ." ಸದ್ದು ಕಮ್ಮಿ ಆಗೋವರೆಗೂ ತಿರುಗಿ ನೋಡ್ಲಿಲ್ಲ ಆ ಮನುಷ್ಯ. ಆಮೇಲೆ ಮುಂದೆ ಬಂದು ಕೂತು ಮೊಣಕಾಲು ಒಳಗಡೆ ವಾಲ್ತಿದ್ಯಾ ಅಂತ ಒಂದೊಂದೇ ನೋಡಿದ್ರು. ಹಾರಿ ಇಳಿಯೋ ಆಟಗಳಲ್ಲಿ ಮೊಣಕಾಲಿನ ಎಸಿಎಲ್ ಲಿಗಮೆಂಟ್ ಹರಿಯೋದು ಹುಡುಗರಿಗಿಂತ ಹುಡುಗೀರಲ್ಲಿ ಜಾಸ್ತಿ, ಅದರಲ್ಲಿ ಎಷ್ಟೋ ಸಲ ಎದುರಾಳಿ ಮುಟ್ಟಿರೋದೂ ಇಲ್ಲ, ಇಳಿಯೋವಾಗ ಕಾಲು ಒಳಗೆ ತಿರುಚಿಕೊಂಡೇ ಆಗಿರುತ್ತೆ. ಒಂದು ಎಸಿಎಲ್ ಹೋಯ್ತು ಅಂದ್ರೆ ಎಷ್ಟೋ ಸಲ ಆಪರೇಷನ್ನು, ತಿಂಗಳುಗಟ್ಟಲೆ ಆಟ ಇಲ್ಲ. ಇಷ್ಟು ತಾಳ್ಮೆಯಿಂದ ಇಳಿಯೋದು ಕಲ್ಸೋ ಜಾಗ ನಾನಂತೂ ಬೇರೆ ಕಡೆ ನೋಡಿಲ್ಲ, ನನ್ನ ಪ್ರಕಾರ ಕೊಟ್ಟ ದುಡ್ಡಿಗೆ ಅರ್ಧ ಬೆಲೆ ಇಲ್ಲೇ ಬಂದ್ಬಿಡ್ತು.

ಅಮ್ಮಂದು ಬೇರೆ ಭಯ. ಹೆಣ್ಮಗು ಭಾರ ಎತ್ತಿದ್ರೆ ಬೆಳವಣಿಗೆ ನಿಂತೋಗ್ತದೆ ಅಂತ ಫೋನ್ ಮಾಡಿ ಮಾಡಿ ಹೇಳೋರು. ಸರ್ ಅಮ್ಮನ ಹತ್ರ ಫೋನಲ್ಲೇ ಮಾತಾಡಿ, "ಅಕ್ಕಾ, ಸರಿಯಾಗಿ ಹೇಳ್ಕೊಡೋರು ಪಕ್ಕದಲ್ಲಿದ್ದು, ತೂಕ ನಿಧಾನಕ್ಕೆ ಏರಿಸ್ಕೊಂಡು ಹೋದ್ರೆ ಹೈಟಿಗೇನೂ ಆಗಲ್ಲ, ಯಾರೂ ನೋಡ್ದೆ ಕಂಡಾಪಟ್ಟೆ ಎತ್ತಿದ್ರೆ ಮಾತ್ರ ತೊಂದ್ರೆ" ಅಂತ ಸಮಾಧಾನ ಮಾಡಿದ್ರು. ಅದು ನಿಜಾನೇ, ಮಕ್ಕಳ ವೈದ್ಯರೂ ಕ್ರೀಡಾ ವೈದ್ಯರೂ ಇದನ್ನೇ ಹೇಳೋದು. ಊರಿಂದ ಮಕ್ಕಳನ್ನ ಕಳಿಸಿರೋ ಅಪ್ಪ ಅಮ್ಮ ಯಾರಾದ್ರೂ ಓದ್ತಿದ್ರೆ ಈ ಒಂದು ಹೆದರಿಕೆ ಬಿಟ್ಬಿಡಿ ದಯವಿಟ್ಟು.

ಟೆಕ್ನಿಕ್ ಕೂತ್ಮೇಲೆ ಬಾರ್‌ಬೆಲ್ ಸ್ಕ್ವಾಟ್. ಇಲ್ಲಿ ಮಾಮೂಲಿ ಜಿಮ್ಮಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗೋದು. ಒಂದೇ ಸಮ ಹದಿನೈದು ಇಪ್ಪತ್ತು ಸಲ (ರೆಪ್ಸ್) ಹೊಡೆಸಿ ಬೆವರು ಸುರಿಸೋ ಕಥೆ ಇಲ್ಲ, ಮೂರರಿಂದ ಐದು ರೆಪ್ಸ್, ತೂಕ ಜಾಸ್ತಿ, ಸೆಟ್ ಮುಗಿದ್ಮೇಲೆ ಎರಡು ಮೂರು ನಿಮಿಷ ಸುಮ್ನೆ ಕೂತಿರ್ಬೇಕು. ಪಕ್ಕದಲ್ಲಿ ಬೈಸೆಪ್ಸ್ ಮಾಡೋ ಹುಡುಗ್ರು ಇವರೇನು ಕೂತ್ಕೊಳ್ಳೋಕೆ ಬರ್ತಾರಾ ಅಂತ ನೋಡ್ತಾರೆ, ನೋಡ್ಲಿ ಬಿಡಿ. ವಿಷ್ಯ ಏನಂದ್ರೆ 50 ಸೆಂಟಿಮೀಟರ್ ಹಾರೋಕೆ ನೆಲ ಬಿಡೋ ಕ್ಷಣದಲ್ಲಿ ದೇಹ ಸೆಕೆಂಡಿಗೆ 3.1 ಮೀಟರ್ ಹತ್ರ ವೇಗದಲ್ಲಿ ಮೇಲಕ್ಕೆ ಹೋಗ್ತಿರ್ಬೇಕು, ಆ ವೇಗ ಹುಟ್ಟಿಸೋಕೆ ನೆಲ ತಳ್ಳೋಕೆ ಸಿಗೋ ಟೈಮು ಅರ್ಧ ಸೆಕೆಂಡೂ ಇಲ್ಲ. ಹಂಗಾಗಿ ಶಕ್ತೀನೂ ಇರ್ಬೇಕು, ಅದು ಚಟ್ಟನೆ ಬರ್ಲೂ ಬೇಕು. ಬರೀ ಭಾರ ಎತ್ಕೊಂಡೇ ಇದ್ರೆ ಶಕ್ತಿ ಇರುತ್ತೆ, ಚುರುಕು ಇರಲ್ಲ. ಶಕ್ತಿ ಇಲ್ದೆ ಬರೀ ಹಾರ್ತಾ ಇದ್ರೆ ಸ್ವಲ್ಪ ದಿನಕ್ಕೇ ಏರೋದು ನಿಂತು ಮೊಣಕಾಲು ಚಿಪ್ಪಿನ ಕೆಳಗೆ ನೋವು ಶುರುವಾಗುತ್ತೆ, ವಾಲಿಬಾಲ್ ಆಡೋರಿಗೆಲ್ಲ ಗೊತ್ತಿರೋ 'ಜಂಪರ್ಸ್ ನೀ' (jumper's knee) ಅನ್ನೋದು ಅದೇ. "ಭಾರ ಎತ್ತೋವಾಗ ಬಾರ್ ನೋಡ್ಬೇಡ, ನೆಲ ತುಳಿಯವ್ವ, ಜೋರಾಗಿ ತುಳಿ, ಬಾರ್ ತಾನೇ ಎದ್ದೇಳ್ತದೆ" ಅಂತ ಹೇಳೋರು. ಬಾರ್ ನಿಧಾನಕ್ಕೇ ಏಳುತ್ತೆ, ಆದ್ರೆ ಜೋರಾಗಿ ತಳ್ಬೇಕು ಅನ್ನೋ ಉದ್ದೇಶ ಇದ್ರೇನೇ ಲಾಭ ಅಂತೆ. ಆಮೇಲೆ ಟ್ರ್ಯಾಪ್ ಬಾರ್ ಅಂತ ಮಧ್ಯೆ ಖಾಲಿ ಇರೋ ಚೌಕಟ್ಟಿನ ತರದ ಬಾರ್ ಇದೆ ಇಲ್ಲಿ, ಅದರ ಮಧ್ಯೆ ನಿಂತು ಕಮ್ಮಿ ತೂಕ ಹಿಡ್ಕೊಂಡು ಹಾರಿಸ್ತಾರೆ, ಬೆನ್ನ ಮೇಲೆ ಬಾರ್ ಹೊತ್ತು ಹಾರೋದಕ್ಕಿಂತ ಇದು ಕಲಿಯೋಕೆ ಸುಲಭ.

ಎತ್ತರದಿಂದ ಇಳಿದು ತಕ್ಷಣ ಹಾರೋ ಡೆಪ್ತ್ ಜಂಪ್ ಬಂದಿದ್ದು ಎಲ್ಲಕ್ಕಿಂತ ಕೊನೇಲಿ, ಅದೂ ಎಣಿಸಿ ಸ್ವಲ್ಪವೇ. ಇದನ್ನ ಬೆಳೆಸಿದ್ದು ಸೋವಿಯತ್ ಕೋಚ್ ಯೂರಿ ವೆರ್ಖೋಶಾನ್ಸ್ಕಿ, ಚೆನ್ನಾಗಿ ತಯಾರಾಗಿದ್ದ ಜಂಪರ್‌ಗಳಿಗೆ ಅಂತ. ನಮ್ ಕಡೆ ಹುಡುಗ್ರು ಯೂಟ್ಯೂಬ್ ನೋಡ್ಕೊಂಡು ಸ್ಕೂಲ್ ಜಗಲಿ ಮೇಲಿಂದ ಸಿಮೆಂಟ್ ನೆಲಕ್ಕೆ ದಿನಾ ಧುಮುಕ್ತಾರೆ, ಬೇಡ ಕಣ್ರಪ್ಪಾ, ಮೊದ್ಲು ಕಾಲು ಗಟ್ಟಿ ಮಾಡ್ಕೊಳ್ಳಿ. ಮ್ಯಾಚ್ ಇರೋ ವಾರ ಸರ್ ಸೆಟ್ ಕಮ್ಮಿ ಮಾಡಿಸ್ತಾರೆ, ದಸರಾ ಸಿಎಂ ಕಪ್ ಕ್ರೀಡಾಕೂಟದ ಟೈಮಲ್ಲಿ ಅಥ್ಲೀಟ್ ಬ್ಯಾಚ್ ಪೂರ್ತಿ ಹಗುರ ಟ್ರೈನಿಂಗ್, ಕಾಲು ತಾಜಾ ಇರ್ಲಿ ಅಂತ.

ರಿಸಲ್ಟ್ ಕೇಳ್ತೀರಾ? ಎಂಟು ವಾರಕ್ಕೆ 25 ಸೆಂಟಿಮೀಟರ್ ಗ್ಯಾರಂಟಿ ಅಂತ ಇನ್‌ಸ್ಟಾದಲ್ಲಿ ಕೋರ್ಸ್ ಮಾರ್ತಾರಲ್ಲ, ಅಂಥದ್ದೇನೂ ಇಲ್ಲಿ ಆಗಲ್ಲ. ತಂಗಿದು ಒಂದು ಸೀಸನ್ನಲ್ಲಿ ಆರೇಳು ಸೆಂಟಿಮೀಟರ್ ಏರ್ತು. ಕಮ್ಮಿ ಅನ್ಸುತ್ತೆ, ಆದ್ರೆ ಹೆಣ್ಮಕ್ಕಳ ನೆಟ್ 2.24 ಮೀಟರ್, ಮೊದ್ಲು ಬ್ಲಾಕಿಗೆ ಹೋದ್ರೆ ಅವಳ ಬೆರಳು ಮಾತ್ರ ನೆಟ್ ಮೇಲೆ ಕಾಣ್ತಿತ್ತು, ಬಾಲ್ ಬೆರಳಿಗೆ ಬಡಿದು ಹಿಂದಕ್ಕೆ ಹೋಗೋದು. ಈಗ ಅಂಗೈ ಪೂರ್ತಿ ಮೇಲೆ ಬರ್ತದೆ, ಕೈ ಆಚೆ ಕಡೆಗೆ ಬಗ್ಗಿಸ್ತಾಳೆ, ಬಾಲ್ ಅವರ ಕೋರ್ಟಲ್ಲೇ ಬೀಳ್ತದೆ. ಮ್ಯಾಚಿನ ಐದನೇ ಸೆಟ್ಟಲ್ಲೂ ಅದೇ ಎತ್ತರ ಹಾರ್ತಾಳೆ, ನಂಗೆ ಅದು ಇನ್ನೂ ದೊಡ್ಡದು ಅನ್ಸುತ್ತೆ. ಗ್ಯಾಲರೀಲಿ ಕೂತು ನೋಡೋವಾಗ ಎಷ್ಟು ಖುಷಿ ಆಗುತ್ತೆ ಅಂತ ಹೇಳೋಕಾಗಲ್ಲ.

ಊಟದ ವಿಷ್ಯಕ್ಕೆ ಒಂದು ತಕರಾರಿದೆ. ಸರ್ ಹೇಳೋದು ಸರಳ, ಟ್ರೈನಿಂಗ್ ಮಾಡೋರಿಗೆ ದೇಹದ ತೂಕದ ಕೆಜಿಗೆ 1.6 ಗ್ರಾಂ ಹತ್ರ ಪ್ರೊಟೀನ್ ಸಾಕು, 52 ಕೆಜಿ ಇರೋ ಹುಡುಗಿಗೆ 83 ಗ್ರಾಂ ಆಯ್ತು, ಮೊಟ್ಟೆ, ಹಾಲು, ಮೊಸರು, ಹುರುಳಿಕಾಳು ಬಸ್ಸಾರು, ವಾರದಲ್ಲಿ ಎರಡ್ಮೂರು ದಿನ ಕೋಳಿ, ಜೊತೆಗೆ ಮುದ್ದೆ ಅನ್ನ ಹೊಟ್ಟೆ ತುಂಬ. ಆದ್ರೆ ಕೆಳಗೆ ಕೌಂಟರಲ್ಲಿ ಕೂತಿರೋರು ಹೋಗ್ತಾ ಬರ್ತಾ ಪ್ರೊಟೀನ್ ಡಬ್ಬ ತಗೊಳ್ಳಿ ಅಂತ ಜೀವ ತಿಂತಾರೆ, ಪಿಯುಸಿ ಮಕ್ಕಳ ಹತ್ರ ಅದನ್ನ ಮಾರೋದು ನಿಲ್ಲಿಸ್ಬೇಕು. ಮ್ಯಾನೇಜ್ಮೆಂಟ್ ಇದನ್ನ ಓದ್ಲಿ ಅಂತಾನೇ ಬರೀತಿದೀನಿ.

ಇನ್ನೂ ಕೊರತೆಗಳಿವೆ. ಹಾರೋ ಜಾಗದಲ್ಲಿ ಟೈಲ್ಸ್ ಮೇಲೆ ತೆಳ್ಳಗಿನ ರಬ್ಬರ್ ಮ್ಯಾಟ್ ಹಾಸಿದಾರೆ, ಮೂಲೆ ಎದ್ದು ಬಂದಿದೆ, ಕಾಲು ಸಿಕ್ಕಾಕೊಳ್ಳುತ್ತೆ, ದಪ್ಪ ಮ್ಯಾಟ್ ಹಾಕ್ಸೋದು ಅರ್ಜೆಂಟ್. ಸ್ಕ್ವಾಟ್ ರ‍್ಯಾಕ್ ಇರೋದು ಎರಡೇ, ಸಂಜೆ ಆರರ ಮೇಲೆ ಒಂದೂ ಸಿಗಲ್ಲ, ರ‍್ಯಾಕಲ್ಲಿ ನಿಂತು ಕರ್ಲ್ಸ್ ಮಾಡ್ತಿರ್ತಾರೆ. ಲೇಡೀಸ್ ಚೇಂಜಿಂಗ್ ರೂಮ್ ಚಿಲಕ ಸರಿ ಮಾಡಿಸಿ ಅಂತ ತಂಗಿ ಕೇಳಿ ಕೇಳಿ ಸಾಕಾಗಿದಾಳೆ. ಎಲ್ಲಕ್ಕಿಂತ ಮುಖ್ಯ, ಈ ಸರ್ ಬೆಳಗ್ಗೆ ಮಾತ್ರ ಇರೋದು. ಸಂಜೆ ಇರೋ ಟ್ರೈನರ್ ಹುಡುಗ ಒಳ್ಳೇವ್ನೇ, ಆದ್ರೆ ಜಂಪ್ ಅಂದ್ರೆ ಬಾಕ್ಸ್ ತೋರಿಸಿ ಹಾರಿ ಅಂತಾನೆ ಅಷ್ಟೇ.

ಅಥ್ಲೀಟ್ ಬ್ಯಾಚ್ ಫೀಸ್ ತಿಂಗಳಿಗೆ 2,500, ಮಾಮೂಲಿ ಮೆಂಬರ್‌ಶಿಪ್ಪಿಗಿಂತ ಜಾಸ್ತಿ, ಸ್ಟೂಡೆಂಟ್ ಅಂತ ಐಡಿ ಕಾರ್ಡ್ ತೋರಿಸಿ ಕೇಳಿ, ಸ್ವಲ್ಪ ಬಿಡ್ತಾರೆ. ಮೊಣಕಾಲು ನೋವು ಈಗಾಗ್ಲೇ ಇರೋರು ಮೊದ್ಲು ಫಿಸಿಯೋ ಹತ್ರ ತೋರಿಸ್ಕೊಂಡು ಬನ್ನಿ, ಸರ್ ಕೂಡ ಅದನ್ನೇ ಹೇಳಿ ವಾಪಸ್ ಕಳಿಸ್ತಾರೆ. ನನ್ ಕಡೆಯಿಂದ ನಾಲ್ಕು ಸ್ಟಾರ್, ಮ್ಯಾಟ್ ಬದಲಾಯಿಸಿ ಸಂಜೆಗೂ ಒಂದು ಅಥ್ಲೀಟ್ ಬ್ಯಾಚ್ ಶುರು ಮಾಡಿದ ದಿನ ಬಂದು ಐದು ಮಾಡ್ತೀನಿ.