ಕೈಪಿಡಿಯನ್ನು ಎಲ್ಲಿಡುವುದು: ವಿಕಿಯಲ್ಲೋ, ಬೇರೆ ರೆಪೊಸಿಟರಿಯಲ್ಲೋ, ಕೋಡಿನ ಪಕ್ಕದಲ್ಲೋ?

ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕನ್ನಡ ಕಡತಗಳನ್ನು ಇಂದಿನ ಸಾರ್ವತ್ರಿಕ ಅಕ್ಷರಸಂಕೇತವಾದ ಯುನಿಕೋಡ್‌ಗೆ ಬದಲಿಸುವ ಸಣ್ಣದೊಂದು ಮುಕ್ತ ತಂತ್ರಾಂಶವನ್ನು ನಾವು ಮೂವರು, ಭಾನುವಾರದ ಬೆಳಿಗ್ಗೆಗಳಲ್ಲಿ ಜಯನಗರದ ನಮ್ಮ ಮನೆಯಲ್ಲಿ ಕುಳಿತು, ನೋಡಿಕೊಳ್ಳುತ್ತೇವೆ. ಕೋಡ್ ಬದಲಾದರೆ ಅದರ ಕೈಪಿಡಿಯೂ ಬದಲಾಗಬೇಕು. ಆ ಕೈಪಿಡಿಯನ್ನು ಇಡುವುದಕ್ಕೆ ಮೂರು ಏರ್ಪಾಡುಗಳನ್ನು ಬಳಸಿ ನೋಡಿದ್ದೇವೆ. ನನ್ನ ಒಲವನ್ನು ಮುಚ್ಚಿಡುವುದಿಲ್ಲ: ಕೋಡೂ ಕೈಪಿಡಿಯೂ ಒಂದೇ ರೆಪೊಸಿಟರಿಯಲ್ಲಿ (ಬದಲಾವಣೆಗಳ ಚರಿತ್ರೆಯೊಂದಿಗೆ ಕಡತಗಳನ್ನು ಇಡುವ ಭಂಡಾರದಲ್ಲಿ) ಇರಬೇಕು, ಎರಡರ ಬದಲಾವಣೆಯೂ ಒಂದೇ ಪುಲ್ ರಿಕ್ವೆಸ್ಟಿನಲ್ಲಿ (ಸೇರಿಸುವ ಮುನ್ನ ಪರಿಶೀಲನೆಗೆ ಕಳಿಸುವ ಬದಲಾವಣೆಯ ಕಟ್ಟಿನಲ್ಲಿ) ಬರಬೇಕು.

ಹೀಗೆ ಹೇಳುವುದಕ್ಕೆ ಒಂದು ಹಿನ್ನೆಲೆಯಿದೆ. ನಮ್ಮ ತಂತ್ರಾಂಶ ಮೊದಲು ಮೂಲ ಕಡತವನ್ನು ಮುಟ್ಟದೆ ಪಕ್ಕದಲ್ಲಿ ಹೊಸದೊಂದನ್ನು ಬರೆಯುತ್ತಿತ್ತು. ಮುಂದೊಂದು ಆವೃತ್ತಿಯಲ್ಲಿ ಮೂಲದ ಮೇಲೆಯೇ ಬರೆಯುವಂತೆ ಬದಲಿಸಿದೆವು. ವಿಕಿಯಲ್ಲಿದ್ದ ಕೈಪಿಡಿ ಮಾತ್ರ ‘ಮೂಲ ಕಡತಕ್ಕೆ ಧಕ್ಕೆಯಿಲ್ಲ’ ಎಂದೇ ಹೇಳುತ್ತಿತ್ತು. ಅದನ್ನು ನಂಬಿದ ಚಾಮರಾಜಪೇಟೆಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರ ನಲವತ್ತು ಪುಟಗಳ ಬರಹದಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾದವು, ಮೂಲವೂ ಉಳಿಯಲಿಲ್ಲ. ಮಗಳ ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇದ್ದುದರಿಂದ ನಾವು ಬಚಾವಾದೆವು. ಆ ಬದಲಾವಣೆಯನ್ನು ಮರ್ಜ್ ಮಾಡಿದವನು, ಅಂದರೆ ಮುಖ್ಯ ಕೋಡಿಗೆ ಸೇರಿಸಿದವನು, ನಾನೇ.

ವಿಕಿಯಲ್ಲಿ ಬರೆಯುವುದೇನೋ ಸುಲಭ. ಬದಲಾವಣೆಗಳ ದಾಖಲೆಯಿಡುವ ಗಿಟ್ ಎಂಬ ಸಾಧನ ಗೊತ್ತಿಲ್ಲದವರೂ ಬ್ರೌಸರಿನಲ್ಲೇ ತಿದ್ದಬಹುದು. ಗಿಟ್ ರೆಪೊಸಿಟರಿಗಳನ್ನು ಇಡುವ ಜಾಲತಾಣವಾದ ಗಿಟ್‌ಹಬ್‌ನ ವಿಕಿ ಒಳಗೆ ಒಂದು ಪ್ರತ್ಯೇಕ ಗಿಟ್ ರೆಪೊಸಿಟರಿಯೇ ಆಗಿದ್ದರೂ ಅದಕ್ಕೆ ಪುಲ್ ರಿಕ್ವೆಸ್ಟ್ ಸಲ್ಲಿಸುವ ದಾರಿಯಿಲ್ಲ. ತಿದ್ದಿದವರ ತಿದ್ದುಪಡಿ ಯಾರ ಕಣ್ಣಿಗೂ ಬೀಳದೆ ನೇರವಾಗಿ ಪ್ರಕಟವಾಗುತ್ತದೆ. ಕೋಡಿಗೆ ಹಾಕಿದ ಆವೃತ್ತಿಯ ಟ್ಯಾಗ್ ವಿಕಿಗೆ ತಗಲುವುದಿಲ್ಲವಾದ್ದರಿಂದ ಹಳೆಯ ಆವೃತ್ತಿ ಇಟ್ಟುಕೊಂಡವರೂ ಇವತ್ತಿನ ಪುಟವನ್ನೇ ಓದಬೇಕಾಗುತ್ತದೆ.

ಮೇಷ್ಟ್ರ ಪ್ರಕರಣದ ನಂತರ ಕೈಪಿಡಿಗೆ ಬೇರೆ ರೆಪೊಸಿಟರಿ ಮಾಡಿ ಅದನ್ನು ಸಬ್‌ಮಾಡ್ಯೂಲ್ (ಒಂದು ರೆಪೊಸಿಟರಿಯೊಳಗಿಂದ ಇನ್ನೊಂದಕ್ಕೆ ಹಾಕುವ ಕೊಂಡಿ) ಆಗಿ ಕೋಡಿಗೆ ಜೋಡಿಸಿದೆವು. ತಂತ್ರಾಂಶದ ಒಂದು ಆಯ್ಕೆಯ ಹೆಸರು ಬದಲಾದರೆ ಕೋಡಿಗೊಂದು ಪುಲ್ ರಿಕ್ವೆಸ್ಟ್, ಕೈಪಿಡಿಗೊಂದು; ಅದರ ಮೇಲೆ ಸಬ್‌ಮಾಡ್ಯೂಲ್ ಯಾವ ಕಮಿಟ್‌ಗೆ (ದಾಖಲಾದ ಬದಲಾವಣೆಗೆ) ಅಂಟಿಕೊಂಡಿರಬೇಕೆಂದು ತಿಳಿಸಲು ಮೂರನೆಯದು. ಹೊಸಬರು ಮಾಮೂಲಿಯಾಗಿ ಕ್ಲೋನ್ ಮಾಡಿ (ರೆಪೊಸಿಟರಿಯ ಪ್ರತಿ ಇಳಿಸಿಕೊಂಡು), ಕೈಪಿಡಿಯ ಫೋಲ್ಡರ್ ಖಾಲಿಯಿದೆಯೆಂದು ದೂರುತ್ತಿದ್ದರು. ಎರಡು ತಿಂಗಳಿಗೆ ಸಾಕಾಯಿತು.

ಕೊನೆಗೆ ಕೈಪಿಡಿಯನ್ನು ಕೋಡಿನ ಪಕ್ಕಕ್ಕೆ ತಂದೆವು. ಇಲ್ಲಿಯೂ ಒಂದು ತೊಡಕು ಎದುರಾಯಿತು, ಮತ್ತು ಅದು ಕನ್ನಡದಲ್ಲಿ ಬರೆಯುವವರನ್ನೇ ಹುಡುಕಿಕೊಂಡು ಬರುವಂಥದ್ದು. ಗೆಳೆಯರೊಬ್ಬರು ಕಳಿಸಿದ ತಿದ್ದುಪಡಿಯ ಡಿಫ್‌ನಲ್ಲಿ (ತೆಗೆದ ಸಾಲನ್ನು ಕೆಂಪಿನಲ್ಲಿ, ಸೇರಿಸಿದ್ದನ್ನು ಹಸಿರಿನಲ್ಲಿ ತೋರಿಸುವ ಹೋಲಿಕೆಯಲ್ಲಿ) ‘ಫಲಿತಾಂಶವನ್ನು ತೋರಿಸು’ ಎಂಬ ಸಾಲು ಕೆಂಪಿನಲ್ಲಿ ಒಮ್ಮೆ, ಹಸಿರಿನಲ್ಲಿ ಒಮ್ಮೆ ಕಾಣಿಸಿತು. ಎರಡರಲ್ಲಿ ಒಂದಕ್ಷರವೂ ವ್ಯತ್ಯಾಸವಿರಲಿಲ್ಲ. ಸಾಲಿನ ಕೊನೆಯ ಖಾಲಿ ಜಾಗವಿರಬಹುದೆಂದು ಅಳಿಸಿ ನೋಡಿದೆ, ವಿಂಡೋಸ್‌ನ ಸಾಲುಮುರಿತವಿರಬಹುದೆಂದು ಅದನ್ನೂ ಪರೀಕ್ಷಿಸಿದೆ, ಎರಡು ಲೋಟ ಕಾಫಿ ಮುಗಿಯಿತು.

ಹೆಕ್ಸ್ ರೂಪದಲ್ಲಿ, ಅಂದರೆ ಅಕ್ಷರಗಳ ಹಿಂದಿನ ಸಂಕೇತಗಳೇ ಕಾಣುವಂತೆ, ತೆರೆದಾಗ ಗುಟ್ಟು ಹೊರಬಿತ್ತು. ಹಳೆಯ ಸಾಲಿನ ‘ತೋ’ ಎಂಬಲ್ಲಿ ಓತ್ವಕ್ಕೆ ಯು+೦ಸಿಸಿಬಿ ಎಂಬ ಒಂದೇ ಸಂಕೇತವಿತ್ತು. ಹೊಸ ಸಾಲಿನಲ್ಲಿ ಅದೇ ಓತ್ವ ಎತ್ವ, ಊಕಾರದ ಕೊಂಬು ಮತ್ತು ದೀರ್ಘಚಿಹ್ನೆ ಎಂಬ ಮೂರು ಚೂರುಗಳಾಗಿತ್ತು. ಯುನಿಕೋಡ್‌ನ ಲೆಕ್ಕದಲ್ಲಿ ಇವೆರಡೂ ಸಮಾನ. ಬೈಟುಗಳನ್ನಷ್ಟೇ ಹೋಲಿಸುವ ಗಿಟ್‌ಗೆ ಮಾತ್ರ ಬೇರೆ ಬೇರೆ. ಚೂರುಗಳು ಬಂದದ್ದು ಎಲ್ಲಿಂದ ಎಂದರೆ, ಆ ಗೆಳೆಯರು ತಮ್ಮ ಹಳೆಯ ಕಡತವೊಂದನ್ನು ನಮ್ಮದೇ ತಂತ್ರಾಂಶದ ಆರಂಭದ ಆವೃತ್ತಿಯಲ್ಲಿ ಪರಿವರ್ತಿಸಿ, ಅಲ್ಲಿಂದ ಸಾಲುಗಳನ್ನು ಅಂಟಿಸಿದ್ದರು! ಹಳೆಯ ಫಾಂಟಿನ ಬಿಡಿ ಚಿಹ್ನೆಗಳನ್ನು ಅದು ಒಟ್ಟುಗೂಡಿಸದೆ ಹಾಗೆಯೇ ಸಾಲಾಗಿ ಇಟ್ಟಿತ್ತು.

ಪೈಥಾನಿನ ಯುನಿಕೋಡ್‌ಡೇಟಾ ಮಾಡ್ಯೂಲಿನಿಂದ ಕೈಪಿಡಿಯ ಪಠ್ಯವನ್ನೆಲ್ಲ ಎನ್‌ಎಫ್‌ಸಿ ರೂಪಕ್ಕೆ (ಇಂಥ ಚೂರುಗಳನ್ನು ಒಂದೇ ಸಂಕೇತವಾಗಿ ಕೂಡಿಸಿದ ರೂಪಕ್ಕೆ) ತರುವ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದು ಕಮಿಟ್‌ಗೆ ಮುಂಚೆ ಓಡುವ ಹುಕ್ ಆಗಿ ಇಟ್ಟೆ. ಕ್ಲೋನ್ ಮಾಡಿಕೊಂಡವರಿಗೆ ಹುಕ್ ತಾನಾಗಿ ಹೋಗುವುದಿಲ್ಲವಾದ್ದರಿಂದ ಅದೇ ತಪಾಸಣೆಯನ್ನು ಸಿಐನಲ್ಲಿಯೂ (ಬಂದ ಬದಲಾವಣೆಗಳನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆಯಲ್ಲಿಯೂ) ಸೇರಿಸಬೇಕಾಯಿತು. ಈ ತೊಡಕನ್ನು ಹೊಸ ಏರ್ಪಾಡಿನ ದೋಷವೆಂದು ನಾನು ಎಣಿಸುವುದಿಲ್ಲ. ಹಳೆಯ ವಿಕಿಯನ್ನು ಕ್ಲೋನ್ ಮಾಡಿ ನೋಡಿದಾಗ ಇಂಥ ಸಾಲುಗಳು ಅಲ್ಲಿಯೂ ಸಿಕ್ಕವು. ಗಿಟ್ ಗ್ರೆಪ್‌ನಲ್ಲಿ ‘ತೋರಿಸು’ ಎಂದು ಹುಡುಕಿದರೆ ಅವು ಸಿಗುತ್ತಿರಲಿಲ್ಲ, ಅಷ್ಟೆ. ರಿವ್ಯೂ ಇಲ್ಲದ ಕಡೆ ಯಾರೂ ಗಮನಿಸಿರಲಿಲ್ಲ.

ಒಂದು ವಾಕ್ಯಕ್ಕೆ ಒಂದು ಸಾಲು ಎಂಬ ನಿಯಮವನ್ನೂ ಇದರೊಂದಿಗೆ ತಂದೆವು. ಒಂದು ಪದ ತಿದ್ದಿದರೆ ಇಡೀ ಪ್ಯಾರಾ ಕೆಂಪಾಗುವುದು ತಪ್ಪಿತು. ಕೈಪಿಡಿಯಷ್ಟೇ ಬದಲಾದಾಗ ಕೋಡಿನ ಪರೀಕ್ಷೆಗಳು ಓಡದಂತೆ ಸಿಐಗೆ ಹೇಳಿಟ್ಟಿದ್ದೇವೆ.

ಹಣದ ಲೆಕ್ಕದಲ್ಲಿ ಮೂರೂ ನಮಗೆ ಪುಕ್ಕಟೆ. ವಾರಕ್ಕೆ ಮೂರು ಗಂಟೆಯ ಬಿಡುವೇ ನಮ್ಮ ಬಜೆಟ್. ಜಯನಗರದಿಂದ ಪೀಣ್ಯಕ್ಕೆ ಹಸಿರು ಮಾರ್ಗದ ಮೆಟ್ರೊದಲ್ಲಿ ಹೋಗುವಾಗ ಫೋನಿನಲ್ಲಿಯೇ ತಿದ್ದುಪಡಿಗಳನ್ನು ಓದುವವನಾದ ನನಗೆ ಕೋಡ್ ಮತ್ತು ಅದರ ವಿವರಣೆ ಒಂದೇ ಪುಟದಲ್ಲಿ ಮೇಲೆ ಕೆಳಗೆ ಸಿಗುವುದೇ ದೊಡ್ಡ ಅನುಕೂಲ. ಗಿಟ್ ಕಲಿಯಲು ಮನಸ್ಸಿಲ್ಲದ ಹತ್ತಾರು ಜನ ಬರೆಯುವ ಯೋಜನೆಯಾಗಿದ್ದರೆ ವಿಕಿಯನ್ನೇ ಇಟ್ಟುಕೊಳ್ಳುತ್ತಿದ್ದೆನೇನೋ. ಈಗ ಆಯ್ಕೆಗಳನ್ನು ಮುಟ್ಟುವ ಯಾವ ಪುಲ್ ರಿಕ್ವೆಸ್ಟ್ ಬಂದರೂ ಅದರಲ್ಲಿ ಕೈಪಿಡಿಯ ಸಾಲಿಲ್ಲದಿದ್ದರೆ ನಾನು ಮರ್ಜ್ ಮಾಡುವುದಿಲ್ಲ. ಈ ನಿಯಮಕ್ಕೆ ಸಿಲುಕಿ ಕಳೆದ ವಾರ ವಾಪಸಾದದ್ದು ನನ್ನದೇ ಬದಲಾವಣೆ.