ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೊಳ್ಳುವ ಮುಂಚೆ ಎಫ್ 8ರಲ್ಲೂ ನಾಲ್ಕು ಫೋಟೋ ತೆಗೆದು ನೋಡಿ

ಅಜ್ಜನ ಸಹಸ್ರ ಚಂದ್ರ ದರ್ಶನಕ್ಕೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಐವತ್ತು ಜನ ಸೇರಿದ್ದರು. "ಫೋಟೋಗೆ ಯಾರನ್ನೂ ಕರೆಸಬೇಡಿ, ನಾನಿದ್ದೀನಲ್ಲ" ಅಂತ ದೊಡ್ಡದಾಗಿ ಹೇಳಿದ್ದು ನಾನೇ. ಎರಡು ವಾರದ ಹಿಂದಷ್ಟೇ ಒಂದು ಹಳೇ 50 ಎಂಎಂ ಎಫ್ 1.8 ಲೆನ್ಸನ್ನು 5,500 ರೂಪಾಯಿಗೆ ತಗೊಂಡಿದ್ದೆ. ಗಾಜು ಕ್ಲೀನ್, ಫಂಗಸ್ ಇಲ್ಲ, ಗೀರಿಲ್ಲ. ಅಂಗಡಿಯಲ್ಲಿ ಬೆಳಕು ಕಮ್ಮಿ ಅಂತ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ, ಎಫ್ ನಂಬರ್ ದೊಡ್ಡದಾದಷ್ಟೂ ಅದು ಚಿಕ್ಕದು) ಪೂರ್ತಿ ತೆರೆದಿಟ್ಟೇ, ಅಂದರೆ ಎಫ್ 1.8ರಲ್ಲೇ, ಹತ್ತು ಫೋಟೋ ತೆಗೆದು ನೋಡಿದೆ, ಎಲ್ಲವೂ ಚೆನ್ನಾಗಿ ಬಂದವು. ಅಲ್ಲೇ ಏಮಾರಿದ್ದು.

ಬೆಳಿಗ್ಗೆ ಒಳಗೆ ಹೋಮ ನಡೆಯುವಾಗ ಏನೂ ತೊಂದರೆ ಇರಲಿಲ್ಲ, ಕತ್ತಲೆ ಮನೆ, ಹೊಗೆ ಬೇರೆ, ಎಲ್ಲಾ ಎಫ್ 1.8ರಲ್ಲೇ ತೆಗೆದೆ. ಊಟಕ್ಕೆ ಮುಂಚೆ ಅಂಗಳದ ಚಪ್ಪರದ ಕೆಳಗೆ ಗ್ರೂಪ್ ಫೋಟೋ. ಮೂರು ಸಾಲು ಜನ, ಹಿಂದಿನವರೂ ಫೋಕಸ್‌ನಲ್ಲಿ ಇರಬೇಕಲ್ಲ, ಹಾಗಾಗಿ ಎಫ್ 8 ಇಟ್ಟೆ. ಮೊದಲ ಫೋಟೋ ನೋಡಿದರೆ ಅಜ್ಜನ ಪಂಚೆ, ಶಲ್ಯ, ತಲೆಕೂದಲು, ಹಿಂದಿನ ಸುಣ್ಣದ ಗೋಡೆ ಎಲ್ಲಾ ಸೇರಿ ಒಂದೇ ಬಿಳಿ. ಎರಡನೆಯದು ಸ್ವಲ್ಪ ವಾಸಿ. ನಾಲ್ಕನೆಯದು ಸರಿಯಾಗಿತ್ತು. ಅಷ್ಟರಲ್ಲಿ ಚಿಕ್ಕಮ್ಮ "ಮಕ್ಕಳೆಲ್ಲ ಎಲ್ಲಿ ಹೋದ್ರು" ಅಂತ ಹುಡುಕಿಕೊಂಡು ಹೋದರು, ಅವರು ವಾಪಸ್ ಬಂದ ಮೇಲೆ ತೆಗೆದ ಮೊದಲ ಫೋಟೋ ಮತ್ತೆ ಬಿಳಿ.

ನಾನು ಬೈದಿದ್ದು ಬೆಳಕು ಅಳೆಯುವ ಕ್ಯಾಮೆರಾ ಮೀಟರನ್ನು. ಮೀಟರಿಂಗ್ ಮೋಡ್ ಬದಲಾಯಿಸಿದೆ. ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಿದೆ, ಆಗ ಸರಿಯಾಗಿ ಬರುತ್ತಿದ್ದ ಫೋಟೋಗಳು ಕಪ್ಪಾದವು. ಆಮೇಲೆ ಪೂರ್ತಿ ಮ್ಯಾನ್ಯುಯಲ್‌ಗೆ ಬಂದು ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400, ಶಟರ್ 1/250, ಎಫ್ 8 ಅಂತ ಕೂರಿಸಿದೆ. ಆದರೂ ಅದೇ ಆಟ. ಮ್ಯಾನ್ಯುಯಲ್‌ನಲ್ಲಿ ಮೀಟರ್ ಏನು ಹೇಳಿದರೂ ಫೋಟೋ ಬದಲಾಗುವುದಿಲ್ಲ, ಅಂದರೆ ತಪ್ಪು ಮೀಟರಿಂದಲ್ಲ ಅಂತ ಆಗಲೇ ತಲೆಗೆ ಹೋಗಬೇಕಿತ್ತು. ಐವತ್ತು ಜನ ಹಸಿದುಕೊಂಡು ಮುಖ ನೋಡುತ್ತಿರುವಾಗ ತಲೆ ಓಡುವುದಿಲ್ಲ ಬಿಡಿ. ಕಾರ್ಡಲ್ಲಿ ಜಾಗ ಸಾಲಲ್ಲ ಅಂತ ಆಮೇಲೆ ಹೆಚ್ಚು ತಿದ್ದಲಾಗದ ಜೆಪೆಗ್‌ನಲ್ಲೇ ತೆಗೆಯುತ್ತಿದ್ದೆ ಬೇರೆ, ಹಾಗಾಗಿ ಬಿಳಿಯಾಗಿದ್ದು ಬಿಳಿಯಾಗಿಯೇ ಉಳಿಯಿತು.

ಊರಿಂದ ಬಂದವನು ಕ್ಯಾಮೆರಾ ಬಾಡಿಯನ್ನು ರಿಪೇರಿಗೆ ಕೊಟ್ಟೆ. ಶಟರ್ ಹೋಗಿರಬಹುದು ಅಂದರು, ನೋಡೋದಕ್ಕೇ 800 ರೂಪಾಯಿ ಅಂದರು, ನಾಲ್ಕು ದಿನ ಆದಮೇಲೆ ಏನೂ ಆಗಿಲ್ಲ ಅಂತ ವಾಪಸ್ ಕೊಟ್ಟರು. ಲೆನ್ಸ್ ಬಿಚ್ಚಿಟ್ಟುಕೊಂಡು ಬರೀ ಬಾಡಿ ಕೊಟ್ಟಿದ್ದವನು ನಾನೇ.

ಕೊನೆಗೆ ಒಂದು ಭಾನುವಾರ ಕೂತು ಮಾಡಿದ್ದು ಇಷ್ಟು. ಕ್ಯಾಮೆರಾವನ್ನು ಸ್ಟೂಲ್ ಮೇಲಿಟ್ಟು, ಹಗಲು ಬೆಳಕಲ್ಲಿ ಖಾಲಿ ಗೋಡೆಗೆ ತಿರುಗಿಸಿ, ಆಟೋ ಐಎಸ್ಒ ಆಫ್ ಮಾಡಿ, ಎಲ್ಲಾ ಮ್ಯಾನ್ಯುಯಲ್. ಟ್ಯೂಬ್‌ಲೈಟಲ್ಲಿ ಈ ಟೆಸ್ಟ್ ಮಾಡಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಹಳೇ ಟ್ಯೂಬ್‌ಲೈಟು, ಕೆಲವು ಎಲ್ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಶಟರ್ ವೇಗ ಜಾಸ್ತಿ ಇದ್ದರೆ ಲೆನ್ಸ್ ಸರಿಯಿದ್ದರೂ ಒಂದೊಂದು ಫೋಟೋ ಒಂದೊಂದು ಥರ ಬರುತ್ತದೆ. ಎಫ್ 1.8ರಲ್ಲಿ ಹತ್ತು ಫೋಟೋ: ಹತ್ತೂ ಒಂದೇ ಥರ. ಅಲ್ಲಿಗೆ ಶಟರ್ ಮೇಲಿನ ಅನುಮಾನ ಹೋಯಿತು. ಎಫ್ 8ರಲ್ಲಿ ಹತ್ತು: ಮೊದಲ ಮೂರು ಬಿಳಿ, ಆಮೇಲೆ ಸರಿ. ಹತ್ತು ನಿಮಿಷ ಬಿಟ್ಟು ಮತ್ತೆ ತೆಗೆದರೆ ಮತ್ತೆ ಮೊದಲನೆಯದು ಬಿಳಿ. ಕ್ಯಾಮೆರಾ ಜೊತೆಗೇ ಬಂದ ನನ್ನ ಹಳೇ ಕಿಟ್ ಲೆನ್ಸ್ ಹಾಕಿ ತೆಗೆದೆ, ಯಾವ ತೊಂದರೆಯೂ ಇಲ್ಲ.

ವಿಷಯ ಏನಂದರೆ, ಡಿಎಸ್ಎಲ್ಆರ್‌ನಲ್ಲಿ ನಾವು ಎಫ್ 8 ಇಟ್ಟರೂ ವ್ಯೂಫೈಂಡರಲ್ಲಿ ನೋಡುವಾಗ ಅಪರ್ಚರ್ ಪೂರ್ತಿ ತೆರೆದೇ ಇರುತ್ತದೆ. ಕ್ಲಿಕ್ ಮಾಡಿದ ಕ್ಷಣದಲ್ಲಿ ಅಪರ್ಚರಿನ ಬ್ಲೇಡುಗಳು (ಕಂಡಿಯ ಸುತ್ತ ಇರುವ ತೆಳು ಎಲೆಗಳು) ಎಫ್ 8ರಷ್ಟಕ್ಕೆ ಸರಕ್ಕನೆ ಮುಚ್ಚಿಕೊಂಡು, ಫೋಟೋ ಆದ ಮೇಲೆ ಮತ್ತೆ ತೆರೆದುಕೊಳ್ಳಬೇಕು. ಅದಕ್ಕೇ ಈ ಬ್ಲೇಡುಗಳು ಒಣಗಿರಬೇಕು. ಫೋಕಸ್ ರಿಂಗಿನ ಗ್ರೀಸ್ ಹಳತಾಗಿ, ಬಿಸಿಲಿಗೆ ಕರಗಿ ಅಲ್ಲಿಗೆ ಹರಿದುಬಂದರೆ ಬ್ಲೇಡುಗಳು ಒಂದಕ್ಕೊಂದು ಅಂಟಿಕೊಂಡು ನಿಧಾನವಾಗುತ್ತವೆ. ಶಟರ್ ಅವುಗಳಿಗಾಗಿ ಕಾಯುವುದಿಲ್ಲ. ಎಫ್ 8 ಬದಲು ಎಫ್ 4ರಲ್ಲೇ ನಿಂತರೆ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ. ತಮಾಷೆ ಅಂದರೆ ಫೋಟೋದ ಮಾಹಿತಿಯಲ್ಲಿ ಆಗಲೂ ಎಫ್ 8 ಅಂತಲೇ ಇರುತ್ತದೆ, ಯಾಕೆಂದರೆ ಕ್ಯಾಮೆರಾ ಬರೆದುಕೊಳ್ಳುವುದು ತಾನು ಹೇಳಿದ್ದನ್ನು, ಲೆನ್ಸ್ ಮಾಡಿದ್ದನ್ನಲ್ಲ. ಅದನ್ನು ನಂಬಿ ನಾನು ಎರಡು ವಾರ ಹಾಳು ಮಾಡಿಕೊಂಡೆ.

ನನ್ನ ಲೆನ್ಸಿಗೆ ಹಿಂದೆ ಒಂದು ಪುಟ್ಟ ಲಿವರ್ ಇದೆ. ಲೆನ್ಸ್ ಕಳಚಿ, ಅಪರ್ಚರ್ ರಿಂಗನ್ನು 22ಕ್ಕೆ ತಿರುಗಿಸಿ, ಲಿವರನ್ನು ಬೆರಳಲ್ಲಿ ಮೆಲ್ಲಗೆ ಸರಿಸಿ ಬಿಟ್ಟರೆ ಬ್ಲೇಡುಗಳು ಟಕ್ ಅಂತ ಮುಚ್ಚಬೇಕು. ನನ್ನದರಲ್ಲಿ ಮಳೆಗಾಲದಲ್ಲಿ ಉಬ್ಬಿಕೊಂಡ ಹಳೇ ಬಾಗಿಲಿನ ಹಾಗೆ ಎಳೆದುಕೊಂಡು ಬಂದವು. ಕಿಟಕಿ ಹತ್ತಿರ ಹಿಡಿದು ಓರೆ ಮಾಡಿ ನೋಡಿದರೆ ಎರಡು ಬ್ಲೇಡುಗಳ ಮೇಲೆ ಹರಳೆಣ್ಣೆ ಸವರಿದಂಥ ಮಿನುಗು. ಇಷ್ಟನ್ನು ಅಂಗಡಿಯಲ್ಲೇ ನೋಡಬಹುದಿತ್ತು, ಅರ್ಧ ನಿಮಿಷದ ಕೆಲಸ. ಲಿವರ್ ಇಲ್ಲದ, ಅಪರ್ಚರಿಗೆ ಒಳಗೇ ಮೋಟರ್ ಇರುವ ಲೆನ್ಸಾದರೆ (ಕ್ಯಾನನ್ ಇಎಫ್ 1987ರಿಂದಲೂ ಹಾಗೇ) ಕ್ಯಾಮೆರಾಗೆ ಹಾಕಿ, ಎಫ್ 8 ಇಟ್ಟು, ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಬಟನ್ (ಕ್ಲಿಕ್ ಮಾಡದೆಯೇ ಬ್ಲೇಡುಗಳನ್ನು ಮುಚ್ಚಿಸುವ ಬಟನ್) ಒತ್ತಿ ಮುಂದಿನಿಂದ ನೋಡಿ. ಆ ಬಟನ್ ಇಲ್ಲದಿದ್ದರೆ ಬಾಗಿಲ ಹತ್ತಿರ ಬೆಳಕಿಗೆ ಬಂದು ಎಫ್ 8, ಎಫ್ 16 ಒಂದೊಂದರಲ್ಲೂ ನಾಲ್ಕು ಫೋಟೋ ತೆಗೆದು, ಆ ನಾಲ್ಕೂ ಒಂದೇ ಥರ ಇವೆಯಾ ಅಂತ ಹೋಲಿಸಿ. ಮಾರುವವರು ಗೊಣಗಿದರೆ ಗೊಣಗಲಿ.

ಲೆನ್ಸ್ ಮಾರಿದವರ ಹತ್ತಿರ ಹೋದೆ. "ನೀವೇ ನೋಡ್ಕೊಂಡು ತಗೊಂಡಿದ್ದಲ್ವಾ ಸಾರ್" ಅಂದರು. ನಿಜವೇ. ಬಿಚ್ಚಿ ಕ್ಲೀನ್ ಮಾಡಿಸಲು ಇನ್ನೊಬ್ಬರು 2,500 ಕೇಳಿದರು. ಪರಿಚಯದವರೊಬ್ಬರು ತುಕ್ಕು ಬಿಡಿಸುವ ಸ್ಪ್ರೇ ಹೊಡಿ ಅಂತ ಸಲಹೆ ಕೊಟ್ಟರು, ಸದ್ಯ ನಾನು ಹೊಡೆಯಲಿಲ್ಲ. ಎಣ್ಣೆಯಿಂದ ಅಂಟಿದ ಬ್ಲೇಡಿಗೆ ಇನ್ನಷ್ಟು ಎಣ್ಣೆ ಯಾಕೆ?

ಗ್ರೂಪ್ ಫೋಟೋದಲ್ಲಿ ಸರಿಯಾಗಿ ಬಂದಿದ್ದು ಒಟ್ಟು ಆರು. ಅದರಲ್ಲಿ ಅಜ್ಜ ಕಣ್ಣು ಬಿಟ್ಟಿರುವುದು ಒಂದರಲ್ಲಿ, ಚಿಕ್ಕಮ್ಮ ಅದರಲ್ಲಿ ಇಲ್ಲ, ಮಕ್ಕಳನ್ನು ಹುಡುಕಲು ಹೋಗಿದ್ದರು. ಅದನ್ನೇ ಫ್ರೇಮ್ ಹಾಕಿಸಿದ್ದೇವೆ. ಲೆನ್ಸ್ ಇನ್ನೂ ನನ್ನ ಹತ್ತಿರವೇ ಇದೆ, ಮುಚ್ಚಳದ ಮೇಲೆ "1.8 ಮಾತ್ರ" ಅಂತ ಚೀಟಿ ಅಂಟಿಸಿ.